ಆರು ಕಲ್ಲಿನ ಲೆಕ್ಕ

ಮುಂಬಯಿಯಿಂದ ತೆಂಕಣ ದಿಕ್ಕಿಗೆ ಹೊರಟ ರೈಲುಗಾಡಿ ಸೊಲ್ಲಾಪುರ, ಹೋಟಗಿ, ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್‌ಗಳನ್ನು ದಾಟಿ ಕಲಬುರಗಿಗೆ ಬರುತ್ತದೆ. ಅಲ್ಲಿಂದ ಸುಮಾರು ೨೫ ಕಿಲೋಮೀಟರ್ ಮುಂದೆ, ವಾಡಿ ಜಂಕ್ಷನ್ನಿಗೆ ಮೊದಲು, ಶಹಾಬಾದ್ ಎಂಬ ನಿಲ್ದಾಣವುಂಟು. ಆ ಊರನ್ನು ನೋಡಿದವರು ಕಡಿಮೆ; ತುಳಿದವರು ಬಹಳ. ಪುಣೆ, ಮುಂಬಯಿ, ಸೊಲ್ಲಾಪುರಗಳ ಕಡೆಯ ಹಳೆಯ ಮನೆಗಳ ನಡುಮನೆ, ಶಾಲೆಗಳ ಜಗುಲಿ, ಓಣಿಗಳ ಕಾಲುದಾರಿ, ರೈಲುನಿಲ್ದಾಣಗಳ ಕಟ್ಟೆ, ಹೀಗೆ ಎಲ್ಲಿ ನೋಡಿದರಲ್ಲಿ ಬೂದುಬಣ್ಣದ ಚಪ್ಪಟೆ ಕಲ್ಲಿನ ಹಾಸು ಕಾಣುತ್ತದೆ. ಅದಕ್ಕೆ ಜನ ಇಟ್ಟ ಹೆಸರು ‘ಶಹಾಬಾದಿ ಫರಸಿ’. ಊರಿನ ಹೆಸರು ಕಲ್ಲಿಗೆ ಹತ್ತಿ, ಕಲ್ಲು ಊರನ್ನು ಬಿಟ್ಟು ನೂರಾರು ಹರದಾರಿ ನಡೆದುಬಿಟ್ಟಿದೆ.

ಆ ಕಲ್ಲನ್ನು ಅರಸಿಕೊಂಡು ಶಹಾಬಾದಿಗೆ ಬರುವ ಗೃಹಸ್ಥರು ಎಂದೂ ಇದ್ದೇ ಇರುತ್ತಾರೆ. ಹೆಸರು ಬೇರೆ, ಅಂಗಳ ಬೇರೆ. ಲೆಕ್ಕದ ತೊಡಕು ಮಾತ್ರ ಒಂದೇ. ಅಂಥವರಲ್ಲಿ ಒಬ್ಬರು ಸೊಲ್ಲಾಪುರದ ನಿವೃತ್ತ ಗಣಿತ ಮಾಸ್ತರರು. ಅವರು ಬಂದದ್ದು ಕೇವಲ ಆರು ಕಲ್ಲಿಗಾಗಿ.

ಮಾಸ್ತರರ ಅಂಗಳ

ಮಾಸ್ತರರ ಮನೆಯ ಹಿಂದೆ ಒಂದು ಅಂಗಳ. ಉದ್ದ ೨೧ ಅಡಿ ೪ ಅಂಗುಲ, ಅಗಲ ೧೫ ಅಡಿ ೪ ಅಂಗುಲ. ಮಳೆಗಾಲದಲ್ಲಿ ರಾಡಿ, ಬೇಸಗೆಯಲ್ಲಿ ಧೂಳು. ಮಗಳ ನಿಶ್ಚಯದ ಕಾರ್ಯವನ್ನು ಈ ಅಂಗಳದಲ್ಲಿಯೇ ಚಪ್ಪರ ಹಾಕಿ ನಡೆಸಬೇಕೆಂದು ಮನೆಯವರ ಅಪೇಕ್ಷೆ. ಅದಕ್ಕಾಗಿಯೇ ಫರಸಿ ಹಾಸುವ ನಿರ್ಧಾರವಾಯಿತು.

ಎಷ್ಟು ಕಲ್ಲು ಬೇಕು? ಮೂವತ್ತು ವರ್ಷ ಮಕ್ಕಳಿಗೆ ಕ್ಷೇತ್ರಫಲ ಹೇಳಿಕೊಟ್ಟವರಿಗೆ ಇದು ಪ್ರಶ್ನೆಯೇ ಅಲ್ಲ. ಅಡಿ ಅಂಗುಲಗಳ ಗೊಂದಲ ಬೇಡವೆಂದು ಅವರು ಎಲ್ಲವನ್ನೂ ಅಂಗುಲಕ್ಕೆ ಇಳಿಸಿದರು. ಉದ್ದ ೨೫೬ ಅಂಗುಲ, ಅಗಲ ೧೮೪ ಅಂಗುಲ. ಗುಣಿಸಿದರೆ ೪೭,೧೦೪ ಚದರ ಅಂಗುಲ. ಕಲ್ಲು ಎರಡಡಿ ಚೌಕ, ಎಂದರೆ ೨೪ರಿಂದ ೨೪. ಅದರ ಕ್ಷೇತ್ರಫಲ ೫೭೬ ಚದರ ಅಂಗುಲ. ಭಾಗಿಸಿದಾಗ ೮೧ ಕಲ್ಲು ಪೂರ್ತಿ, ಎಂಬತ್ತೆರಡನೆಯದರಲ್ಲಿ ಮುಕ್ಕಾಲಿಗೆ ತುಸು ಹೆಚ್ಚು. ಹಾಗಾದರೆ ೮೨ ಕಲ್ಲು. ಅಂಗಡಿಯವರು ಕಲ್ಲನ್ನು ಮಾರುವುದೂ ಚದರಡಿಯ ಲೆಕ್ಕದಲ್ಲಿಯೇ. ನೂರು ಚದರಡಿಗೆ ಒಂದು ‘ಬ್ರಾಸ್’. ೩೨೭ ಚದರಡಿಯ ಅಂಗಳಕ್ಕೆ ೩೨೮ ಚದರಡಿಯ ಕಲ್ಲು ಕೊಂಡ ಮೇಲೆ ಕೊರತೆಯ ಮಾತೆಲ್ಲಿ ಬಂತು? ಅಂಗಡಿಯವರು ಕೊಸರಾಗಿ ಎರಡು ಕಲ್ಲು ಹೆಚ್ಚಿಗೆ ಹೇರಿಸಿದರು. ಆ ಎರಡು ದಾರಿಯಲ್ಲಿ ಒಡೆದುಹೋದವು. ಮಾಸ್ತರರು ಅದಕ್ಕೆ ಚಿಂತಿಸಲಿಲ್ಲ. ಅವು ಲೆಕ್ಕದಲ್ಲಿ ಇದ್ದವುಗಳಲ್ಲ.

ಕಲ್ಲು ಹಾಸುವ ಗೌಂಡಿ ಮನೆಯ ಬಾಗಿಲಿನಿಂದ ಆರಂಭಿಸಿ, ಸಂದು ನೂಲಿನಷ್ಟೂ ಕಾಣದಂತೆ ಕಲ್ಲಿಗೆ ಕಲ್ಲು ಕೂಡಿಸುತ್ತ ಹಿಂದಿನ ಗೋಡೆಯವರೆಗೆ ಬಂದನು. ಕೊನೆಯ ಸಾಲಿನಲ್ಲಿ ಐದು ಕಲ್ಲು ಕೂಡಿಸಿದಾಗ ಕಲ್ಲು ಮುಗಿದುಹೋದವು. ಗೋಡೆಯ ಬದಿಗೆ ಹನ್ನೊಂದಡಿಗೂ ಮಿಗಿಲಾದ ಉದ್ದದ ಮಣ್ಣಿನ ಪಟ್ಟಿ ಹಾಗೆಯೇ ಉಳಿಯಿತು. “ಇನ್ನೂ ಆರು ಕಲ್ಲು ಬೇಕು” ಎಂದು ಗೌಂಡಿ ಕೈ ತೊಳೆದುಕೊಂಡು ಹೊರಟುಹೋದನು.

ಮಾಸ್ತರರು ಲೆಕ್ಕವನ್ನು ಮೂರು ಸಲ ಮಾಡಿ ನೋಡಿದರು. ತಪ್ಪು ಸಿಕ್ಕಲಿಲ್ಲ. ಊರಿನ ಅಂಗಡಿಯಲ್ಲಿ ವಿಚಾರಿಸಿದರೆ ಹೊಸದಾಗಿ ಬಂದ ಕಲ್ಲಿನ ಬಣ್ಣ ಹಳದಿಗೆ ತಿರುಗಿತ್ತು. ಅಂಗಳದ ಕಲ್ಲು ಬೂದುನೀಲಿ. ಕಾರ್ಯಕ್ಕೆ ಇನ್ನು ಹನ್ನೆರಡೇ ದಿನ. ಕಲ್ಲು ಹುಟ್ಟಿದ ಊರಿಗೇ ಹೋದರೆ ಬಣ್ಣ ಹೊಂದುವ ಆರು ಕಲ್ಲು ಸಿಕ್ಕೀತೆಂದು ಅವರು ಚೀಲ ಹಿಡಿದು ಹೊರಟರು. ಹೊರಡುವಾಗ, ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಕಡಿದುಳಿದ ಚೂರುಪಾರುಗಳನ್ನು ಗಾಡಿಯವನಿಗೆ ಹೇಳಿ ಸಾಗಹಾಕಿಸುವಂತೆ ಪತ್ನಿಗೆ ಸೂಚಿಸುವುದನ್ನು ಮರೆಯಲಿಲ್ಲ.

ಕಪ್ಪು ಕಲ್ಲಿನಿಂದ ಬೂದು ಕಲ್ಲಿಗೆ

ಸೊಲ್ಲಾಪುರದಿಂದ ಕಲಬುರಗಿಯವರೆಗಿನ ಪ್ರಯಾಣದಲ್ಲಿ ಕಿಟಕಿಯ ಹೊರಗೆ ಕಣ್ಣಿಗೆ ಬೀಳುವುದು ಕರಿಯ ಎರೆಭೂಮಿ. ತೊಗರಿ, ಜೋಳಗಳ ಸೀಮೆಯಿದು; ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಈ ಎರೆಮಣ್ಣಿನ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸ ಆರಿ ಗಟ್ಟಿಯಾದ ಕಪ್ಪುಶಿಲೆ. ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿರುವ ಈ ಕಪ್ಪು ಹೊದಿಕೆ ಕಲಬುರಗಿಯ ಸೀಮೆಯಲ್ಲಿ ಅಂಚಿಗೆ ಬಂದು ತೆಳುವಾಗುತ್ತದೆ. ಹೊದಿಕೆ ಸರಿದೆಡೆಯಲ್ಲಿ ಅದಕ್ಕಿಂತ ಎಷ್ಟೋ ಹಳೆಯದಾದ ಸುಣ್ಣಕಲ್ಲು ಮುಖ ತೋರಿಸುತ್ತದೆ.

ಭೂವಿಜ್ಞಾನಿಗಳು ಇದಕ್ಕೆ ಭೀಮಾ ಶಿಲಾವರ್ಗವೆಂದು ಹೆಸರಿಟ್ಟಿದ್ದಾರೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ನಿಂತಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ನವುರಾದ ಕೆಸರು ಪದರಪದರವಾಗಿ ಕುಳಿತು ಕಲ್ಲಾಯಿತು. ಆ ಮೇಲೆ ಈ ಪದರಗಳು ಬಹುಪಾಲು ಮಡಿಕೆ ಬೀಳದೆ, ಮೇಜಿನ ಮೇಲೆ ಪೇರಿಸಿಟ್ಟ ಕಾಗದದಂತೆ ಸಮನಾಗಿ ಉಳಿದುಕೊಂಡವು. ಶಹಾಬಾದಿನ ಭಾಗ್ಯವೆಲ್ಲ ಇದರಲ್ಲಿಯೇ ಅಡಗಿದೆ. ಬೇರೆ ಕಡೆ ಬಂಡೆಯನ್ನು ಗರಗಸದಿಂದ ಸೀಳಿ ಹಲಗೆ ಮಾಡಬೇಕು. ಇಲ್ಲಿ ಪ್ರಕೃತಿಯೇ ಹಲಗೆಗಳನ್ನು ಮಾಡಿಟ್ಟಿದೆ, ಮನುಷ್ಯ ಅವನ್ನು ಎಬ್ಬಿಸಿದರೆ ಸಾಕು.

ರೈಲು ಬಂದ ಮೇಲೆ ಈ ಕಲ್ಲಿಗೆ ಕಾಲು ಬಂತು. ೧೮೭೧ರಲ್ಲಿ ಮುಂಬಯಿಯ ದಾರಿಯೂ ಮದರಾಸಿನ ದಾರಿಯೂ ರಾಯಚೂರಿನಲ್ಲಿ ಕೂಡಿದವು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ಸಂಸ್ಥಾನದ ರೈಲು ಹೊರಟಿತು. ಭಾರವಾದ ಕಲ್ಲು ಮೂರು ದಿಕ್ಕಿಗೆ ಅಗ್ಗವಾಗಿ ಸಾಗುವಂತಾಯಿತು. ಹಾಸಲು ಬಾರದ ಸುಣ್ಣಕಲ್ಲು ಮುಂದೆ ಸಿಮೆಂಟಿನ ಒಲೆಗೆ ಬಿತ್ತು. ಶಹಾಬಾದ್, ವಾಡಿಗಳ ಹೆಸರು ಸಿಮೆಂಟಿನೊಡನೆ ಬೆಸೆದುಕೊಂಡದ್ದು ಹಾಗೆ.

ಮಳಖೇಡದಲ್ಲಿ ಒಂದು ಮಧ್ಯಾಹ್ನ

ಮಾಸ್ತರರು ಕಲಬುರಗಿಯಲ್ಲಿಳಿದು ಮೊದಲು ಶಹಾಬಾದಿಗೆ ಹೋಗಲಿಲ್ಲ. ಗಣಿತ ಕಲಿಸಿದವರಿಗೆ ಈ ಜಿಲ್ಲೆಯಲ್ಲಿ ಒಂದು ಯಾತ್ರಾಸ್ಥಳವುಂಟು. ಸೇಡಂ ರಸ್ತೆಯಲ್ಲಿ ಸುಮಾರು ೪೦ ಕಿಲೋಮೀಟರ್ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ; ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಅರುವತ್ತಕ್ಕೂ ಹೆಚ್ಚು ವರ್ಷ ಆಳಿದ ನೆಲ. ‘ಕವಿರಾಜಮಾರ್ಗ’ದ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಅದೇ ಅರಸನನ್ನು ಸ್ತುತಿಸಿ ಆರಂಭವಾಗುವ ಇನ್ನೊಂದು ಗ್ರಂಥವನ್ನು ಬಲ್ಲವರು ವಿರಳ. ಅದು ಮಹಾವೀರಾಚಾರ್ಯರು ಸುಮಾರು ಕ್ರಿ.ಶ. ೮೫೦ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಅದರ ಕೀರ್ತಿ ಲೋಕಕ್ಕೆಲ್ಲ ತಿಳಿಯಿತು.

ಊರು ಈಗ ಚಿಕ್ಕದು. ನೇಮಿನಾಥ ಬಸದಿ, ನದಿಯ ಬದಿಗೆ ಹಳೆಯ ಕೋಟೆ, ಕೋಟೆಯ ಗೋಡೆಯಲ್ಲಿ ಅದೇ ಬೂದು ಸುಣ್ಣಕಲ್ಲಿನ ಪದರಗಳು. ಮಾಸ್ತರರು ಗೋಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಮಹಾವೀರಾಚಾರ್ಯರ ಗ್ರಂಥದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವೇ ಮೀಸಲು. ಅಲ್ಲಿ ಅವರು ಲೆಕ್ಕದಲ್ಲಿ ಎರಡು ಬಗೆಯನ್ನು ಹೇಳುತ್ತಾರೆ: ಕೆಲಸ ಸಾಗುವಷ್ಟಕ್ಕೆ ಸಾಕಾದ ವ್ಯಾವಹಾರಿಕ, ಕೂದಲೆಳೆಯಷ್ಟೂ ತಪ್ಪದ ಸೂಕ್ಷ್ಮ. ಮುಂದಿನ ಅಧ್ಯಾಯದಲ್ಲಿ ಮಣ್ಣು ಅಗೆದ ಹಳ್ಳದ ಲೆಕ್ಕವುಂಟು, ಮರ ಕೊಯ್ಯುವ ಗರಗಸದ ಲೆಕ್ಕವುಂಟು. ಇವೆರಡರೊಡನೆ ‘ಚಿತಿ’ ಎಂದು ಇಟ್ಟಿಗೆಯ ಲೆಕ್ಕವೂ ಉಂಟು. ಕಟ್ಟಡದ ಘನಫಲವನ್ನು ಒಂದು ಇಟ್ಟಿಗೆಯ ಘನಫಲದಿಂದ ಭಾಗಿಸಿದರೆ ಇಟ್ಟಿಗೆಗಳ ಸಂಖ್ಯೆ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಇಂಥ ಲೋಕೋಪಯೋಗಿ ಗಣಿತವನ್ನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂಬ ಹೆಸರಿನಲ್ಲಿ ಕನ್ನಡಕ್ಕೇ ತಂದನು.

ಮಾಸ್ತರರು ಮಾಡಿದ್ದೂ ಅದೇ ಭಾಗಾಕಾರವನ್ನಲ್ಲವೆ? ಆಚಾರ್ಯರ ಸೂತ್ರವೇ ತಮ್ಮ ಅಂಗಳದಲ್ಲಿ ಏಕೆ ಸೋತಿತೆಂಬುದು ಅವರಿಗೆ ಬಗೆಹರಿಯಲಿಲ್ಲ. ೮೨ ಎಂಬುದು ವ್ಯಾವಹಾರಿಕವೋ ಸೂಕ್ಷ್ಮವೋ ಎಂದು ಯೋಚಿಸುತ್ತಲೇ ಅವರು ಕಲಬುರಗಿಯ ಬಸ್ಸು ಹತ್ತಿದರು.

ಕಲ್ಲು ಎದ್ದು ಬರುವ ಪರಿ

ಮರುದಿನ ಬೆಳಗಿನ ಗಾಡಿಗೆ ಶಹಾಬಾದ್. ಊರು ಬಿಟ್ಟು ಖಣಿಗಳ ಕಡೆ ಹೊರಟರೆ ದಾರಿಯ ಎರಡೂ ಬದಿಗೆ ತುಂಡುಗಲ್ಲಿನ ದಿಬ್ಬಗಳು. ಚೌಕ ಮಾಡುವಾಗ ಕಡಿದೆಸೆದ ಅಂಚು, ಒಡೆದ ಮೂಲೆ, ಬಿರುಕು ಬಿಟ್ಟ ಹಲಗೆ, ಎಲ್ಲವೂ ಅಲ್ಲಿ ರಾಶಿ ಬಿದ್ದಿವೆ. ಹಾಸುವ ಒಂದು ಕಲ್ಲಿನ ಹಿಂದೆ ಎಷ್ಟು ಕಲ್ಲು ವ್ಯರ್ಥವಾಗುತ್ತದೆಂಬುದನ್ನು ಆ ದಿಬ್ಬಗಳು ಹೇಳುತ್ತವೆ. ಸುತ್ತಲಿನ ಹಳ್ಳಿಗರು ಅದರಲ್ಲಿಯೇ ಬೇಕಾದುದನ್ನು ಆಯ್ದು ಹೊಲದ ಒಡ್ಡು, ಹಿತ್ತಲ ಗೋಡೆ, ದನದ ಕೊಟ್ಟಿಗೆಯ ನೆಲ ಮಾಡಿಕೊಳ್ಳುತ್ತಾರೆ.

ಖಣಿಯೆಂದರೆ ಕಡಿದಾದ ಪಾತಾಳವಲ್ಲ; ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಗಲವಾದ ಹೊಂಡ. ಮೇಲಿನ ಎರೆಮಣ್ಣನ್ನು ತೆಗೆದರೆ ಮೊದಲು ಸಿಗುವುದು ಪುಡಿಪುಡಿಯಾದ ಕಲ್ಲು. ಅದರ ಕೆಳಗೆ ತೆಳುಪದರ. ಅದಕ್ಕೂ ಕೆಳಗೆ ದಪ್ಪ ಪದರ. ಮೊದಲಿನ ಕಾಲದಲ್ಲಿ ಉಳಿಯಿಂದ ಗೆರೆ ಹೊಡೆದು, ಬೆಣೆ ಬಡಿದು, ಹಾರೆ ಮೀಟಿ ಪದರವನ್ನು ಎಬ್ಬಿಸುತ್ತಿದ್ದರು. ಈಗ ಗಾಲಿಯ ಮೇಲೆ ಓಡುವ ಗರಗಸದ ಯಂತ್ರ ಖಣಿಯ ನೆಲದ ಮೇಲೆಯೇ ಉದ್ದಕ್ಕೂ ಅಡ್ಡಕ್ಕೂ ಗೆರೆ ಕೊಯ್ಯುತ್ತದೆ. ಚದುರಂಗದ ಹಾಸಿನಂತೆ ಮನೆಗಳು ಮೂಡುತ್ತವೆ. ಆದರೆ ಹಾರೆಯ ಕೆಲಸ ಇಂದಿಗೂ ತಪ್ಪಿಲ್ಲ. ಪದರದ ಸಂದಿಗೆ ಹಾರೆಯ ತುದಿ ಕೊಟ್ಟು ಹದವರಿತು ಮೀಟಿದಾಗ ಕಲ್ಲು ಟಪ್ಪೆಂಬ ಸದ್ದಿನೊಡನೆ ಎದ್ದು ಬರುತ್ತದೆ. ಆ ಸದ್ದು ಕೇಳಿಯೇ ಅನುಭವಿಗಳು ಕಲ್ಲಿನಲ್ಲಿ ಒಳಬಿರುಕು ಉಂಟೋ ಇಲ್ಲವೋ ತಿಳಿಯುತ್ತಾರೆ.

ಎರಡಡಿ ಚೌಕ, ಒಂದೂವರೆ ಅಂಗುಲ ದಪ್ಪದ ಒಂದು ಕಲ್ಲಿನ ತೂಕ ಸುಮಾರು ೩೭ ಕಿಲೋ. ಮಾಸ್ತರರಿಗೆ ಬೇಕಾದ ಆರು ಕಲ್ಲೇ ಎರಡು ಕ್ವಿಂಟಲಿಗೆ ಮೇಲಾಯಿತು. ಅವರ ಅಂಗಳಕ್ಕೆ ಹಾಸಿದ ಕಲ್ಲೆಲ್ಲ ಕೂಡಿ ಮೂರು ಟನ್ನಿಗೂ ಹೆಚ್ಚು. ಅದಿಷ್ಟನ್ನೂ ಹೊಂಡದಿಂದ ದಂಡೆಗೆ, ದಂಡೆಯಿಂದ ಲಾರಿಗೆ ಏರಿಸಿದ್ದು ಮನುಷ್ಯರ ಕೈ. ಕಲಬುರಗಿ ಸೀಮೆಯ ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಖಣಿಯಲ್ಲಿ ನೆರಳೆಂಬುದಿಲ್ಲ, ಕೆಳಗಿನ ಕಲ್ಲೂ ಕಾದು ಕೆಂಡ. ಗರಗಸದ ಬಿಳಿಯ ಧೂಳು ರೆಪ್ಪೆಯ ಮೇಲೆ, ತಲೆಗೆ ಸುತ್ತಿದ ವಸ್ತ್ರದ ಮೇಲೆ, ಬುತ್ತಿಯ ಗಂಟಿನ ಮೇಲೆ ಕೂಡುತ್ತದೆ. ಉಸಿರಿನೊಡನೆ ಅದು ಒಳಕ್ಕೂ ಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕಲ್ಲು ಮುಗಿದ ಹೊಂಡಗಳಲ್ಲಿ ಮಳೆಯ ನೀರು ನಿಂತು ಹಸಿರು ಕೆರೆಗಳಾಗಿವೆ. ದೂರದಿಂದ ನೋಡಲು ಚೆಂದ. ಆದರೆ ಅಲ್ಲಿ ತೊಗರಿ ಬೆಳೆಯುತ್ತಿದ್ದ ಹೊಲ ಮಾತ್ರ ಮರಳಿ ಬಾರದು.

ಈ ಕಲ್ಲಿನ ಬಳಕೆ ರೈಲಿಗಿಂತ ಬಹಳ ಹಳೆಯದು. ಇದೇ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧ ಸ್ತೂಪವೊಂದು ಉತ್ಖನನದಲ್ಲಿ ಬೆಳಕಿಗೆ ಬಂತು. ಅದರ ಮೈಗೆ ಹೊದಿಸಿದ್ದು ಸುಣ್ಣಕಲ್ಲಿನ ಚಪ್ಪಡಿಗಳನ್ನೇ. ಅವುಗಳ ಮೇಲೆ ಅಶೋಕ ಚಕ್ರವರ್ತಿಯ ಚಿತ್ರವನ್ನೂ ಹೆಸರನ್ನೂ ಕೊರೆದಿದ್ದಾರೆ. ಗುಂಡಗಿನ ಸ್ತೂಪಕ್ಕೆ ಎಷ್ಟು ಚಪ್ಪಡಿ ಬೇಕೆಂದು ಆಗ ಯಾರೋ ಲೆಕ್ಕ ಹಾಕಿರಲೇಬೇಕು. ಚೌಕದ ಅಂಗಳಕ್ಕಿಂತ ಅದು ಎಷ್ಟೋ ಪಾಲು ಕಠಿಣವಾದ ಲೆಕ್ಕ.

ಸುಣ್ಣದ ಬಳಪದ ಪಾಠ

ಕಲ್ಲಿನ ಅಂಗಡಿಯಲ್ಲಿ ಮಾಸ್ತರರು ಚೀಲದಿಂದ ಅಂಗಳದ ಕಲ್ಲಿನ ಒಂದು ಚೂರನ್ನು ತೆಗೆದು ತೋರಿಸಿದರು. ಅಂಗಡಿಯ ಮುಂದೆ ಕಲ್ಲಿನ ಅಂಚು ಕಡಿಯುತ್ತ ಕುಳಿತಿದ್ದ ಮುಪ್ಪಿನ ಗೌಂಡಿಯೊಬ್ಬರು ಅದನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದು ನೋಡಿದರು.

“ಈ ಬಣ್ಣ ಈಗ ಸಿಗಾಂಗಿಲ್ರಿ ಮಾಸ್ತರ್ರ. ಆ ಪದರ ಮುಗದದ. ಕೆಳಗಿನ ಪದರದ್ದು ಬ್ಯಾರೆ ಬಣ್ಣ.”

ಒಂದೇ ಖಣಿಯಲ್ಲಿಯೂ ಪದರದಿಂದ ಪದರಕ್ಕೆ ಬೂದು, ನೀಲಿ, ಹಳದಿ, ನಸುಗೆಂಪು ಎಂದು ಬಣ್ಣ ಬದಲಾಗುತ್ತದೆ. ಆದ್ದರಿಂದ ಒಂದು ಅಂಗಳದ ಕಲ್ಲನ್ನು ಒಂದೇ ಸಲ, ಒಂದೇ ರಾಶಿಯಿಂದ ಕೊಳ್ಳಬೇಕೆಂಬುದು ಇಲ್ಲಿನವರ ಮೊದಲ ಮಾತು. ಮಾಸ್ತರರ ಮುಖ ಸಣ್ಣದಾಯಿತು. ತಮ್ಮ ಲೆಕ್ಕದ ಚೀಟಿಯನ್ನು ತೆಗೆದು, ತಪ್ಪೆಲ್ಲಿ ಎಂದು ಕೇಳಿದರು.

ಗೌಂಡಿ ಚೀಟಿಯನ್ನು ನೋಡಲಿಲ್ಲ. ಅಂಗಳದ ಅಳತೆ ಕೇಳಿ, ಸುಣ್ಣದ ಬಳಪದಿಂದ ಒಂದು ಹಲಗೆಗಲ್ಲಿನ ಮೇಲೆ ಗೆರೆ ಎಳೆದರು. ಉದ್ದಕ್ಕೆ ಹತ್ತು ಇಡೀ ಕಲ್ಲು, ಉಳಿದದ್ದು ೧೬ ಅಂಗುಲ. ಅಗಲಕ್ಕೆ ಏಳು ಇಡೀ ಕಲ್ಲು, ಅಲ್ಲಿಯೂ ಉಳಿದದ್ದು ೧೬ ಅಂಗುಲ. ಇಡೀ ಕಲ್ಲು ಎಪ್ಪತ್ತು. ಒಂದು ಬದಿಗೆ ಏಳು ತುಂಡು, ಇನ್ನೊಂದು ಬದಿಗೆ ಹತ್ತು, ಮೂಲೆಗೆ ಒಂದು. ಹದಿನೆಂಟು ತುಂಡಿಗೆ ಹದಿನೆಂಟು ಕಲ್ಲು ಕಡಿಯಬೇಕು. ಒಟ್ಟು ಎಂಬತ್ತೆಂಟು.

“ನಿಮ್ಮ ಲೆಕ್ಕ ತಪ್ಪಿಲ್ರಿ. ಕಾಗದದಾಗ ಕಲ್ಲು ಕಡ್ಯಾಂಗಿಲ್ಲ, ಒಡ್ಯಾಂಗಿಲ್ಲ. ಅಷ್ಟ ಫರಕು.”

೮೨ಕ್ಕೂ ೮೮ಕ್ಕೂ ನಡುವಣ ಆರು ಕಲ್ಲು ಎಲ್ಲಿ ಹೋದವೆಂಬುದು ಮಾಸ್ತರರಿಗೆ ಆಗ ಹೊಳೆಯಿತು. ೨೪ ಅಂಗುಲದ ಕಲ್ಲಿನಿಂದ ೧೬ ಅಂಗುಲ ತೆಗೆದರೆ ೮ ಅಂಗುಲದ ಪಟ್ಟಿ ಉಳಿಯುತ್ತದೆ. ಭಾಗಾಕಾರದ ಲೆಕ್ಕ ಆ ಪಟ್ಟಿಯನ್ನೂ ಅಂಗಳದಲ್ಲಿ ಎಣಿಸಿಬಿಟ್ಟಿತ್ತು. ಅಂಗಳದ ಗೌಂಡಿ ಅದನ್ನು ಮೂಲೆಗೆ ಎಸೆದಿದ್ದನು. ಅಷ್ಟರಲ್ಲಿ ಮುದುಕಪ್ಪ ಇನ್ನೊಂದು ಪ್ರಶ್ನೆ ಕೇಳಿದರು.

“ಕಡದ ತುಂಡು ಹನ್ನೆರಡು ಇರಬೇಕಲ್ಲರಿ? ಎಂಟಂಗುಲದ್ದು. ಅವನ್ನೆಲ್ಲಿ ಇಟ್ಟೀರಿ?”

ಎಪ್ಪತ್ತು ಇಡೀ ಕಲ್ಲು ಹೋಗಿ ಉಳಿದ ಹನ್ನೆರಡು ಕಲ್ಲನ್ನು ಕಡಿದಿದ್ದಾರೆ, ಪಟ್ಟಿಗಳೂ ಹನ್ನೆರಡೇ. ಎಂಟಕ್ಕೆ ಎಂಟು ಕೂಡಿದರೆ ಹದಿನಾರು. ಎರಡು ಪಟ್ಟಿಗಳನ್ನು ಪಕ್ಕದಲ್ಲಿ ಪಕ್ಕ ಮಲಗಿಸಿದರೆ ಬೇಕಾದ ತುಂಡೇ ಆಗುತ್ತದೆ. ಹನ್ನೆರಡು ಪಟ್ಟಿಗೆ ಆರು ತುಂಡು. ಬಣ್ಣವೂ ಅದೇ, ಪದರವೂ ಅದೇ. ನಡುವೆ ಒಂದು ಸಂದು ಹೆಚ್ಚಿಗೆ ಕಂಡೀತು. ಗೋಡೆಯ ಬದಿಯ ಸಾಲಾದುದರಿಂದ ಅದೊಂದು ಅಂಚಿನಂತೆಯೇ ತೋರುವುದು. ಮಾಸ್ತರರು ಆರು ಕಲ್ಲಿಗಾಗಿ ರೈಲು ಹತ್ತಿ ಬಂದಿದ್ದರು. ಆ ಆರೂ ಅವರ ಹಿತ್ತಲಿನಲ್ಲಿಯೇ ಇದ್ದವು. ಆದರೆ ಅವನ್ನು ಸಾಗಹಾಕಿಸೆಂದು ಹೇಳಿ ಬಂದವರೂ ಅವರೇ ಅಲ್ಲವೆ?

ಅವರು ಕೂಡಲೆ ಮನೆಗೆ ಫೋನು ಮಾಡಿದರು. ಗಂಟೆ ಬಾರಿಸಿತು; ಯಾರೂ ಎತ್ತಲಿಲ್ಲ.

ಡೈರಿಯಲ್ಲಿ ಬರೆದುಕೊಂಡದ್ದು

ಗಾಡಿ ಬರಲು ಇನ್ನೂ ಹೊತ್ತಿತ್ತು. ಮಾಸ್ತರರು ಚಡಪಡಿಕೆಯನ್ನು ಮರೆಯಲು ಗೌಂಡಿಯ ಬಳಿಯೇ ಕುಳಿತು ಕೇಳಿ ಕೇಳಿ ಡೈರಿಯಲ್ಲಿ ಬರೆದುಕೊಂಡರು. ಅಂಗಳ ಹಾಸಿಸುವ ಯಾವ ಮನೆಯವರಿಗಾದರೂ ಅದು ಉಪಯುಕ್ತವಾದೀತು.

ಮೊದಲು ಕಲ್ಲನ್ನು ಅಳೆಯಬೇಕು. ‘ಎರಡಡಿ ಕಲ್ಲು’ ಎಂಬುದು ಎಷ್ಟೋ ವೇಳೆ ಹೆಸರಿಗೆ ಮಾತ್ರ, ಅಂಚು
ನೇರ ಮಾಡಿದ ಮೇಲೆ ಅದು ೨೨ ಅಂಗುಲಕ್ಕೆ ಇಳಿದಿರಬಹುದು. ಹಾಗಾದರೆ ಮಾಸ್ತರರ ಅಂಗಳಕ್ಕೆ ಸಾಲಿಗೆ ೧೨ರಂತೆ ೯ ಸಾಲು, ಒಟ್ಟು ೧೦೮ ಕಲ್ಲಾಗುತ್ತದೆ. ಆದರೆ ಸಂದಿಗೆ ಕಾಲಂಗುಲ ಬಿಟ್ಟರೆ ಒಂಬತ್ತನೆಯ ಸಾಲಿಗೆ ಬೇಕಾದುದು ಆರಂಗುಲದ ಪಟ್ಟಿ ಮಾತ್ರ. ಒಂದು ಕಲ್ಲಿನಿಂದ ಮೂರು ಪಟ್ಟಿ ತೆಗೆದರೆ ಆ ಸಾಲಿಗೆ ನಾಲ್ಕೇ ಕಲ್ಲು ಸಾಕು. ೧೦೮ರ ಬದಲು ೧೦೦. ಎರಡಂಗುಲದ ವ್ಯತ್ಯಾಸದಿಂದ ಲೆಕ್ಕವೆಲ್ಲ ತಿರುಗುಮುರುಗಾಯಿತು.

ಎರಡನೆಯದು, ಕ್ಷೇತ್ರಫಲದಿಂದ ಭಾಗಿಸದೆ ಸಾಲುಗಳನ್ನು ಎಣಿಸಬೇಕು. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು ಎಂದು ಬೇರೆಬೇರೆ ನೋಡಿ, ಅರೆಕೊರೆ ಬಂದಲ್ಲಿ ಒಂದೆಂದು ಹಿಡಿದು ಗುಣಿಸಬೇಕು. ಭಾಗಾಕಾರದಿಂದ ಬಂದದ್ದು ಒಂದು ಚೂರೂ ವ್ಯರ್ಥವಾಗದಿದ್ದರೆ ಸಾಕಾಗುವ ಸಂಖ್ಯೆ. ಸಾಲಿನಿಂದ ಬಂದದ್ದು ಕಡಿದುಳಿದ ಚೂರನ್ನು ಬಳಸದಿದ್ದರೆ ಬೇಕಾಗುವ ಸಂಖ್ಯೆ. ನಿಜವಾದ ಖರ್ಚು ಇವೆರಡರ ನಡುವೆ, ಗೌಂಡಿಯ ಕೈಚಳಕದಲ್ಲಿರುತ್ತದೆ. ಕೊಳ್ಳುವಾಗ ದೊಡ್ಡದನ್ನೇ ಹಿಡಿಯುವುದು ಕ್ಷೇಮ.

ಮೂರನೆಯದು, ಒಡೆಯುವ ಕಲ್ಲಿಗೆ ಇಪ್ಪತ್ತಕ್ಕೆ ಒಂದರಂತೆ ಹೆಚ್ಚಿಗೆ ತರಬೇಕು. ಕಲ್ಲನ್ನು ನೆಟ್ಟಗೆ ಹಾಸದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಸುವುದಾದರೆ ಅಂಚಿಗೆಲ್ಲ ಮುಕ್ಕೋನದ ತುಂಡು ಬೇಕಾಗುತ್ತದೆ. ಆಗ ಹತ್ತಕ್ಕೆ ಒಂದು ಹೆಚ್ಚಿಗೆ ಇರಲಿ. ಉಳಿದ ಕಲ್ಲನ್ನು ಮಾರಬಾರದು. ಮುಂದೆ ನಳದ ಕೊಳವೆ ರಿಪೇರಿಗೆಂದು ಅಂಗಳ ಅಗೆದಾಗ ಅದೇ ಬಣ್ಣದ ಕಲ್ಲು ಬೇರೆಲ್ಲಿಯೂ ಸಿಗಲಾರದು.

ತುಳಸಿಕಟ್ಟೆ ಇದ್ದರೆ ಅದರ ಜಾಗವನ್ನು ಲೆಕ್ಕದಿಂದ ಕಳೆಯಲು ಅವಸರಪಡಬಾರದು. ಮೂರಡಿ ಚೌಕದ ಕಟ್ಟೆಯ ಮೂಲೆ ಕಲ್ಲಿನ ಮೂಲೆಗೆ ಸರಿಯಾಗಿ ನಿಂತರೆ ಎರಡು ಕಲ್ಲು ಉಳಿದೀತು. ಗೆರೆ ತಪ್ಪಿ ನಿಂತರೆ ಒಂದೂ ಉಳಿಯದಿರಬಹುದು. ಮರವಿದ್ದರೆ ಬುಡದ ಸುತ್ತ ಮಣ್ಣು ಬಿಡಬೇಕು. ನೀರು ಹರಿದುಹೋಗಲು ಹತ್ತಡಿಗೆ ಒಂದೂವರೆ ಅಂಗುಲದಷ್ಟು ಇಳಿಜಾರು ಬೇಕು. ಇದರಿಂದ ಕಲ್ಲಿನ ಸಂಖ್ಯೆ ಹೆಚ್ಚುವುದಿಲ್ಲ. ಹಾಸಿದ ಮೇಲೆ ಹುಣಸೆಹಣ್ಣು, ಲಿಂಬೆರಸ, ಆ್ಯಸಿಡ್ ಇವುಗಳಿಂದ ಕಲ್ಲನ್ನು ತಿಕ್ಕಬಾರದು. ಇದು ಸುಣ್ಣಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಅಳಿಸಿ ಮಾಯದ ಕಲೆ ಉಳಿಯುತ್ತದೆ.

ಇಷ್ಟು ಬರೆದುಕೊಂಡು ಮಾಸ್ತರರು ಎದ್ದಾಗ ಗೌಂಡಿ ಕಡಿಯುತ್ತಿದ್ದ ಕಲ್ಲಿನ ಅಂಚು ಮುಗಿದಿತ್ತು. ಎಂಟತ್ತು ಅಂಗುಲದ ಒಂದು ಚೂರು ಕೆಳಗೆ ಬಿದ್ದಿತ್ತು. ಅವರು ಅದನ್ನು ದಿಬ್ಬಕ್ಕೆ ಎಸೆಯದೆ ಗೋಡೆಗೆ ಆನಿಸಿ ಇಟ್ಟರು. ಅಲ್ಲಿ ಅಂಥವು ಆಗಲೇ ಒಂದು ಸಾಲಿದ್ದವು.

ಮರಳಿ ಅಂಗಳಕ್ಕೆ

ಸೊಲ್ಲಾಪುರ ತಲಪಿದಾಗ ನಸುಕಿನ ಹೊತ್ತು. ಹಿಂದಿನ ದಿನ ಮಳೆ ಬಿದ್ದ ಗುರುತು ರಸ್ತೆಯ ಮೇಲೆ ಕಾಣುತ್ತಿತ್ತು. ಮಾಸ್ತರರು ಮುಂಬಾಗಿಲಿನಿಂದ ಒಳಗೆ ಹೋಗದೆ ಓಣಿಯ ಕಡೆಯಿಂದ ಹಿತ್ತಲ ಬಾಗಿಲು ತೆಗೆದರು. ಮೊದಲು ಕಣ್ಣು ಹೋದದ್ದು ಮೂಲೆಗೆ. ಚೂರುಗಳ ರಾಶಿ ಅಲ್ಲಿರಲಿಲ್ಲ. ಗಾಡಿಯವನು ಬಂದು ಹೋಗಿದ್ದಾನೆಂದು ಅವರ ಎದೆ ಧಸಕ್ಕೆಂದಿತು.

ಆಮೇಲೆ ಕಾಲಕೆಳಗೆ ನೋಡಿದರು. ಗೋಡೆಯ ಬದಿಯ ಮಣ್ಣಿನ ಪಟ್ಟಿಯ ಮೇಲೆ ಎಂಟಂಗುಲದ ಪಟ್ಟಿಗಳು ಎರಡೆರಡಾಗಿ ಸಾಲುಹಿಡಿದು ಮಲಗಿದ್ದವು. ಗಾರೆಯಿಲ್ಲ, ಸಿಮೆಂಟಿಲ್ಲ, ಬರಿಯ ಮಣ್ಣಿನ ಮೇಲೆ ಇಟ್ಟದ್ದು. ಹನ್ನೆರಡೂ ಇದ್ದವು. ಮೂಲೆಯ ಜೋಡಿಗೆ ಮಾತ್ರ ಜಾಗ ಸಾಲದೆ, ಅವು ಎಂಟಂಗುಲದಷ್ಟು ಪಕ್ಕದ ಜೋಡಿಯ ಮೇಲೆ ಏರಿ ಕುಳಿತಿದ್ದವು.

ಸದ್ದು ಕೇಳಿ ಪತ್ನಿ ಹೊರಗೆ ಬಂದರು.

“ನಿನ್ನೆ ಸಂಜಿಮುಂದ ಭಾರಿ ಮಳಿ ಬಂತರಿ. ನೀರು ಬಳಿಯೂದರಾಗ ಫೋನು ಕೇಳಿಸಲಿಲ್ಲ. ರಾಡ್ಯಾಗ ಕಾಲಿಡೂದು ಬ್ಯಾಡಂತ ಆ ತುಂಡು ಜೋಡಿಸಿಟ್ಟೀನಿ. ಗಾಡಿಯವಗ ನಾಳೆ ಬಾ ಅಂದೀನಿ. ಕಲ್ಲು ಸಿಕ್ಕೂ ಏನ್ರಿ?”

“ಸಿಕ್ಕೂ. ಗಾಡಿಯವಗ ಬರೂದು ಬ್ಯಾಡ ಅನ್ನು” ಎಂದು ಮಾಸ್ತರರು ಚೀಲವನ್ನು ಕೆಳಗಿಟ್ಟರು.

ಅಂದೇ ಗೌಂಡಿಗೆ ಹೇಳಿಕಳಿಸಿದರು. ಮೂಲೆಯ ಜೋಡಿಯ ಎಂಟಂಗುಲ ಕಡಿದು ಸರಿಮಾಡಿ, ಆರು ತುಂಡುಗಳನ್ನು ಗಾರೆಯಲ್ಲಿ ಕೂಡಿಸಿದಾಗ ಸಂಜೆಯಾಗಿತ್ತು. ನಿಶ್ಚಯದ ಕಾರ್ಯ ಅದೇ ಅಂಗಳದಲ್ಲಿ ನಡೆಯಿತು. ಬಂದವರಲ್ಲಿ ಕೆಲವರು ಗೋಡೆಯ ಬದಿಯ ಆ ಎರಡು ಗೆರೆಯ ಅಂಚನ್ನು ನೋಡಿ, ಇದನ್ನು ಯಾರು ಹೇಳಿ ಮಾಡಿಸಿದರೆಂದು ಕೇಳಿದರಂತೆ. ಮಾಸ್ತರರು ಪತ್ನಿಯ ಕಡೆ ಕೈತೋರಿಸಿದರು.